ಐದೂವರೆ ಮನೆ

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಏಳು ನಿಮಿಷ ನಡೆದರೆ ಸಿಗುವ ಹಳೆಯ ಬಿಲ್ಡಿಂಗೊಂದರ ಮೆಟ್ಟಿಲ ಕೆಳಗೆ ದೇವದಾಸ್ ಸಾಲ್ಯಾನರ ರಿಪೇರಿ ಅಂಗಡಿಯಿದೆ. ಅದನ್ನು ಅಂಗಡಿ ಎಂದರೆ ಉಳಿದ ಅಂಗಡಿಗಳಿಗೆ ಬೇಜಾರಾದೀತು. ಒಬ್ಬರು ಕೂತು ಇನ್ನೊಬ್ಬರು ನಿಂತರೆ ಜಾಗ ಮುಗಿಯಿತು, ಮೂರನೆಯವರು ರಸ್ತೆಯಲ್ಲಿ ಕಾಯಬೇಕು. ಹಾಗಿದ್ದರೂ ಕಲ್ಯಾಣ, ಭಿವಂಡಿಯಿಂದ ಹಿಡಿದು ಠಾಣೆಯ ತನಕ ಯಾರ ಮನೆಯಲ್ಲಿ ವಾಲ್ವ್ ರೇಡಿಯೊ ಮೂಕಾದರೂ, ಸ್ಪೂಲ್ ಟೇಪು ತೊದಲಿದರೂ ಅದು ಕೊನೆಗೆ ಬಂದು ಸೇರುವುದು ಈ ಮೆಟ್ಟಿಲ ಕೆಳಗೇ.

ದೇವದಾಸರಿಗೆ ಎಪ್ಪತ್ತು ದಾಟಿದೆ. ಕಾಪು ಕಡೆಯಿಂದ ಬಂದವರು. ಠಾಣೆ-ಬೇಲಾಪುರ ರಸ್ತೆಯ ರೇಡಿಯೊ ಫ್ಯಾಕ್ಟರಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು, ಫ್ಯಾಕ್ಟರಿ ಮುಚ್ಚಿದ ಮೇಲೆ ಇಲ್ಲಿ ಬಂದು ಕೂತರು. ಟೆಸ್ಟಿಂಗಿನವರ ಗುಣವೇ ಅದು, ಊರಿನವರು ಮಾಡಿದ್ದರಲ್ಲೆಲ್ಲ ತಪ್ಪು ಕಾಣುತ್ತದೆ. ತಾವೇ ಮಾಡಿದ್ದರ ವಿಷಯ ಬಂದರೆ ಮಾತ್ರ ಹೆತ್ತವರಿಗೆ ಹೆಗ್ಗಣ ಮುದ್ದು. ಫ್ಯಾಕ್ಟರಿಯ ಕಾಲದಲ್ಲಿ ಅವರು ಸಂಜೆ ಹೊತ್ತು ಮನೆಯಲ್ಲಿ ಕೂತು ಕರೆಂಟಿನ ಶ್ರುತಿ ಪೆಟ್ಟಿಗೆ ಕಟ್ಟುತ್ತಿದ್ದರು. ನಲವತ್ತು ಕಟ್ಟಿರಬಹುದು. "ನನ್ನ ಪೆಟ್ಟಿಗೆ ಸುಟ್ಟು ಹೋದೀತು, ಶ್ರುತಿ ಬಿಡ್ಲಿಕ್ಕಿಲ್ಲ" ಎಂದು ಅವರು ಹೇಳುವುದನ್ನು ಕೇಳಿ ಕೇಳಿ ಹೆಂಡತಿ ಬಾಗಿಗೆ ಸಾಕಾಗಿ ಹೋಗಿದೆ.

ಅಂಥ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಸಂಜನಾ ಅಂಗಡಿಗೆ ಬಂದದ್ದು ಆಗಸ್ಟಿನ ಒಂದು ಸೋಮವಾರ. ಹೋಟೆಲಿನ ಪಾರ್ಸೆಲ್ ಚೀಲದೊಳಗೆ, ಅದರ ಮೇಲೊಂದು ಟವೆಲು ಸುತ್ತಿ ತಂದಿದ್ದಳು. ಸಂಜನಾ ನೆರೂಳಿನ ವಾರಿಜಕ್ಕನ ಸೊಸೆ. ಉಡುಪಿ ಕಡೆಯ ಆ ಮನೆಯವರದು ನೆರೂಳಿನಲ್ಲೊಂದು ಸಸ್ಯಾಹಾರಿ ಹೋಟೆಲು, ಈಗ ಮಗ ಹೃಷೀಕೇಶ ನಡೆಸುತ್ತಾನೆ. ಸಂಜನಾ ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಅವಳ ಕನ್ನಡ ಒಂದು ಕಾಲು ಹಿಂದಿಯಲ್ಲಿಟ್ಟೇ ನಡೆಯುತ್ತದೆ.

"ಅಂಕಲ್, ಸ್ವಿಚ್ ಹಾಕಿದ ಕೂಡಲೇ ಬರೀ ಗುಂಯ್ ಅಂತದೆ. ಅತ್ತೆ ಹೇಳಿದ್ರು, ಬೇರೆ ಯಾರ ಹತ್ರನೂ ಕೊಡ್ಬೇಡ, ದೇವದಾಸರೇ ಬಿಚ್ಚಬೇಕು ಅಂತ."

ದೇವದಾಸರು ಸ್ವಿಚ್ ಹಾಕಿ ನೋಡಿದರು. ಸ್ವರ ಎಂಬುದು ಒಳಗೆಲ್ಲೋ ಮುಳುಗಿ ಹೋಗಿತ್ತು, ಮೇಲೆ ಕೇಳುತ್ತಿದ್ದದ್ದು ಕರೆಂಟಿನ ಗೊರಗೊರ ಮಾತ್ರ. ಮುಚ್ಚಳ ಬಿಚ್ಚಿದರು. ಒಳಬದಿಯಲ್ಲಿ ಅವರದೇ ಅಕ್ಷರ ಇನ್ನೂ ಇತ್ತು: 'ವಾರಿಜಕ್ಕ. ಐದೂವರೆ ಮನೆ. 1989.'

ಹಾಡುವವರ ಲೆಕ್ಕದಲ್ಲಿ ಶ್ರುತಿಗೆ ಮನೆಗಳುಂಟು. ಹಾರ್ಮೋನಿಯಂನ ಮೊದಲ ಬಿಳಿ ಪಟ್ಟಿ ಒಂದು ಮನೆ, ಅಲ್ಲಿಂದ ಬಿಳಿಯವು ಎರಡು, ಮೂರು, ನಾಲ್ಕು, ಐದು. ನಡುವಿನ ಕಪ್ಪು ಪಟ್ಟಿಗಳು ಅರ್ಧದ ಮನೆಗಳು. ಐದೂವರೆ ಎಂದರೆ ಹೆಂಗಸರ ಗಂಟಲಿಗೂ ಎತ್ತರದ ಮನೆಯೇ. ಎಳೆಯ ಪ್ರಾಯದಲ್ಲಿ ಉಡುಪಿಯ ಗುರುಗಳು ತನ್ನ ಗಂಟಲು ನೋಡಿ ಕೊಟ್ಟ ಶ್ರುತಿ ಅದು ಎಂದು ವಾರಿಜಕ್ಕನಿಗೆ ಭಾರೀ ಅಭಿಮಾನ. ಉಳಿದ ಹೆಂಗಸರು ಐವತ್ತು ದಾಟಿದ ಕೂಡಲೇ ಐದಕ್ಕೆ, ನಾಲ್ಕೂವರೆಗೆ ಇಳಿದರೆ ಆಕೆ ಮೂಗು ಮುರಿಯುತ್ತಿದ್ದರು. ಪೆಟ್ಟಿಗೆ ಮಾಡಿಸುವಾಗಲೂ ಹಾಗೆ. "ಶ್ರುತಿ ಏರಿಸಿ ಇಳಿಸುವ ತಿರುಪು ಹೊರಗೆ ಬೇಡ ದೇವದಾಸರೆ. ತಿರುಪು ಇದ್ರೆ ಮನಸ್ಸು ಜಾರ್ತದೆ" ಎಂದಿದ್ದರು. ದೇವದಾಸರು ಚಿಕ್ಕದೊಂದು ತಿರುಪನ್ನು ಒಳಗೇ ಇಟ್ಟು, ಐದೂವರೆಗೆ ಕೂರಿಸಿ, ಅದರ ಮೇಲೆ ಅರಗು ಹಾಕಿ ಮುದ್ರೆ ಒತ್ತಿಬಿಟ್ಟಿದ್ದರು.

"ಇದು ನೋಡಮ್ಮ, ಇದರದ್ದೇ ಕಿತಾಪತಿ." ಡಬ್ಬಿಯಂತಹ ಎರಡು ದಪ್ಪ ಕಂಡೆನ್ಸರುಗಳನ್ನು ಬೆರಳಲ್ಲಿ ತೋರಿಸಿದರು. ಒಂದರ ತಲೆ ಉಬ್ಬಿತ್ತು, ಇನ್ನೊಂದರ ಬುಡದಲ್ಲಿ ಕಂದು ಅಂಟು ಸೋರಿ ಒಣಗಿತ್ತು. "ಕರೆಂಟಿನ ಕುಲುಕಾಟ ಹೀರಿಕೊಂಡು ಒಳಗೆ ಸಮ ಮಾಡಿ ಕೊಡುವುದು ಇದರ ಕೆಲಸ. ಮೂವತ್ತೈದು ವರ್ಷ ಹೀರಿದೆ, ಪಾಪ. ಈಗ ಕೈ ಬಿಟ್ಟಿದೆ."

"ಇಷ್ಟೇ ಚೇಂಜ್ ಮಾಡಿದ್ರೆ ಸಾಕಾ?"

"ಸಾಕು. ಆದ್ರೆ ನಾನು ಇಷ್ಟೇ ಮಾಡುವುದಿಲ್ಲ. ಒಂದು ಹೋಗಿದೆ ಅಂದ್ರೆ ಅದೇ ಪ್ರಾಯದ ಬೇರೆಯವೂ ಬಾಗಿಲಲ್ಲಿ ನಿಂತಿರ್ತವೆ. ಎಲ್ಲ ಹೊಸತು ಹಾಕ್ತೇನೆ."

ಹಾಗೆಯೇ ಮಾಡಿದರು. ದಪ್ಪನೆಯವು ಎರಡು, ಸಣ್ಣವು ನಾಲ್ಕು, ಜೊತೆಗೆ ಸ್ವರ ಹುಟ್ಟಿಸುವ ಜಾಗದಲ್ಲಿದ್ದ ಮೇಣದ ಕಾಗದದ ಒಂದು ಕಂಡೆನ್ಸರ್. ಫ್ಯಾಕ್ಟರಿಯ ಕಾಲದಲ್ಲಿ ಅವರು ಕಣ್ಣು ಮುಚ್ಚಿ ನಂಬಿದ್ದ ಮಾಲು ಅದು. ಸ್ವಿಚ್ ಹಾಕಿ, ಸರಿಯಾದ ಸ್ವರ ಕೊಡುವ ಪಿಚ್ ಪೈಪ್ ಊದಿ ಹೋಲಿಸಿದರು. ಪೆಟ್ಟಿಗೆ ಐದೂವರೆಯಲ್ಲಿ ಗಂಟೆ ಹೊಡೆದ ಹಾಗೆ ನಿಂತಿತ್ತು. ಅರಗಿನ ಮುದ್ರೆ ಮುರಿಯುವ ಅಗತ್ಯವೇ ಬರಲಿಲ್ಲ. ದೇವದಾಸರ ಎದೆ ಎರಡಂಗುಲ ಅಗಲವಾಯಿತು.

ಅವರಲ್ಲೊಂದು ಕ್ರಮವಿದೆ. ತೆಗೆದ ಹಳೆಯ ಭಾಗಗಳನ್ನೆಲ್ಲ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಗಿರಾಕಿಯ ಕೈಗೇ ಕೊಡುವುದು. ಬದಲಾಯಿಸಿದ್ದೇನೆ ಎಂದು ಬಾಯಲ್ಲಿ ಹೇಳಿದರೆ ಸಾಲದು ಎಂಬುದು ಅವರ ನಂಬಿಕೆ. ಬುಧವಾರ ಸಂಜನಾ ಬಂದು ಪೆಟ್ಟಿಗೆಯನ್ನೂ ಪೊಟ್ಟಣವನ್ನೂ ಅದೇ ಚೀಲದಲ್ಲಿಟ್ಟುಕೊಂಡು ಹೋದಳು.

ಹನ್ನೆರಡು ದಿನ ಕಳೆದು ಅವಳ ಫೋನು ಬಂತು.

"ಅಂಕಲ್, ಅತ್ತೆ ಹಾಡುವುದನ್ನೇ ಬಿಟ್ಟಿದ್ದಾರೆ."

ದೇವದಾಸರು ಸೋಲ್ಡರಿಂಗ್ ಐರನ್ ಕೆಳಗಿಟ್ಟರು. "ಪೆಟ್ಟಿಗೆ ಪುನಃ ಗುಂಯ್ ಅಂತದಾ?"

"ಪೆಟ್ಟಿಗೆ ಏಕ್‌ದಮ್ ಮಸ್ತ್ ಉಂಟು. ಅತ್ತೆಯ ಗಂಟಲು ಹೋಗ್ತಾ ಇಲ್ಲ. ಮೊದಲ ದಿನ ಎರಡು ಸಾಲು ಹಾಡಿದ್ರು, ಮೇಲಿನ ಸ್ವರಕ್ಕೆ ಹೋಗುವಾಗ ಸ್ವರ ಒಡೆದು ಹೋಯ್ತು. ಜೋರು ಮಾಡಿದ್ರು, ಕೆಮ್ಮು ಬಂತು. ನಾಲ್ಕು ದಿನ ಹಾಗೇ ಟ್ರೈ ಮಾಡಿದ್ರು. ಆಮೇಲೆ ಪೆಟ್ಟಿಗೆಗೆ ಬಟ್ಟೆ ಮುಚ್ಚಿಬಿಟ್ರು. ಡಾಕ್ಟರ್ ನೋಡಿ ಗಂಟಲು ಸಾಫ್ ಉಂಟು ಅಂದ್ರು. ಅತ್ತೆ ಹೇಳ್ತಾರೆ, ದೇವರು ಇನ್ನು ಸಾಕು ಅಂದ ಅಂತ." ಅವಳ ಸ್ವರ ತಗ್ಗಿತು. "ಮಾವ ಹೋದ ಮೇಲೆ ಅವರನ್ನು ಬೆಳಿಗ್ಗೆ ಏಳಿಸ್ತಾ ಇದ್ದದ್ದೇ ಆ ಹಾಡು ಅಂಕಲ್. ಈಗ ಆರು ಗಂಟೆಗೆ ಎದ್ದು ಮಂಚದ ಮೇಲೆ ಸುಮ್ಮನೆ ಕೂತ್ಕೊಳ್ತಾರೆ. ಮಂಗಳವಾರ ಭಜನೆ ಕಲಿಯುವ ಲೇಡೀಸ್‌ಗೆ ಬೇರೆ ಟೀಚರ್ ನೋಡ್ಕೊಳ್ಳಿ ಅಂತ ಮೆಸೇಜ್ ಹಾಕ್ಲಿಕ್ಕೆ ಹೇಳಿದ್ದಾರೆ. ನಾನು ಇವತ್ತು ನಾಳೆ ಅಂತ ತಳ್ತಾ ಇದ್ದೇನೆ."

"ಪೆಟ್ಟಿಗೆಯಲ್ಲಿ ಎಂತ ತೊಂದರೆಯೂ ಇರ್ಲಿಕ್ಕಿಲ್ಲ" ಎಂದರು ದೇವದಾಸರು. ಹೇಳಿ ಮುಗಿಸುವಾಗಲೇ ತಾನು ಉತ್ತರ ಕೊಟ್ಟದ್ದು ಅವಳು ಕೇಳದ ಪ್ರಶ್ನೆಗೆ ಎಂದು ಅವರಿಗೆ ನಾಚಿಕೆಯಾಯಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅನ್ನ ಕಲಸಿದವರು ಕಲಸುತ್ತಲೇ ಇದ್ದರು. "ದಾನೆ ಆಂಡ್?" ಎಂದಳು ಹೆಂಡತಿ ಬಾಗಿ. ಏನಾಯಿತು ಎಂಬುದನ್ನು ಅವರು ತುಳುವಿನಲ್ಲಿ ಒಂದೊಂದಾಗಿ ಹೇಳಿದರು. ಬಾಗಿ ಬಂಗುಡೆಯ ಮುಳ್ಳು ಬಿಡಿಸುತ್ತ ಕೇಳಿಸಿಕೊಂಡಳು.

"ವಾರಿಜಕ್ಕ ಈಗ ಎಷ್ಟರಲ್ಲಿ ಹಾಡುವುದು?" ಎಂದಳು.

"ಐದೂವರೆ. ಯಾವತ್ತೂ ಅದೇ."

"ಸುಳ್ಳು. ಹೋದ ವರ್ಷ ಶ್ರಾವಣದಲ್ಲಿ ಅವರ ಮನೆ ಭಜನೆಗೆ ಹೋಗಿದ್ದೆ ಅಲ್ವಾ? ಅವರು ಹೇಳಿಕೊಟ್ಟದ್ದನ್ನು ನಾನೂ ಹಿಂದಿನಿಂದ ಹಾಡಿದೆ. ಸಲೀಸಾಗಿ ಬಂತು. ಐದೂವರೆಯಲ್ಲಿ ನಾನು ಬಾಯಿ ತೆಗೆದ್ರೆ ಬಿಲ್ಡಿಂಗಿನವರು ಕಂಪ್ಲೇಂಟ್ ಕೊಡ್ತಾರೆ."

"ಪೆಟ್ಟಿಗೆ ಐದೂವರೆಯಲ್ಲೇ ಇತ್ತು ಮಾರಾಯ್ತಿ. ನನ್ನ ಪೆಟ್ಟಿಗೆ ಶ್ರುತಿ..."

"ಬಿಡುವುದಿಲ್ಲ, ಗೊತ್ತುಂಟು." ಬಾಗಿ ಮೀನಿನ ತುಂಡನ್ನು ಅವರ ಬಟ್ಟಲಿಗೆ ಹಾಕಿದಳು. "ನಿಮ್ಮ ಮೊಣಕಾಲು ಬಗ್ಗುವುದಿಲ್ಲ, ನನಗೆ ಸೂಜಿಗೆ ನೂಲು ಕಾಣುವುದಿಲ್ಲ. ನಿಮ್ಮ ಪೆಟ್ಟಿಗೆಗೆ ಮಾತ್ರ ಪ್ರಾಯ ಆಗುವುದಿಲ್ಲವಾ?"

ದೇವದಾಸರ ಕೈ ಬಟ್ಟಲಲ್ಲೇ ನಿಂತಿತು. ಮೇಣದ ಕಾಗದದ ಕಂಡೆನ್ಸರ್ ಕಣ್ಣ ಮುಂದೆ ಬಂತು. ಅವರು ಅದನ್ನು ಅಳೆದು ನೋಡಿರಲಿಲ್ಲ. ಹಳೆಯದು ಎಂದು ತೆಗೆದು ಪೊಟ್ಟಣಕ್ಕೆ ಹಾಕಿದ್ದರು, ಅಷ್ಟೆ. ರಿಪೇರಿಗೆ ಮೊದಲು ಪೆಟ್ಟಿಗೆಯ ಶ್ರುತಿ ಎಷ್ಟಿತ್ತು ಎಂದು ಕೇಳೋಣವೆಂದರೆ ಆ ಗೊರಗೊರದಲ್ಲಿ ಕೇಳಿಸುವಂತೆಯೂ ಇರಲಿಲ್ಲ. ಮೇಣ ಬಿರುಕು ಬಿಟ್ಟರೆ ಒಳಗಿನ ಕಾಗದ ಗಾಳಿಯ ತೇವ ಕುಡಿಯುತ್ತದೆ. ಮುಂಬಯಿಯ ಮಳೆಗಾಲಗಳ ತೇವ, ಮೂವತ್ತೈದು ಮಳೆಗಾಲ. ತೇವ ಕುಡಿದ ಕಂಡೆನ್ಸರಿನ ಅಳತೆ ಏರುತ್ತದೆ, ಅದು ಏರಿದ ಹಾಗೆ ಸ್ವರ ಇಳಿಯುತ್ತದೆ. ಟೆಸ್ಟಿಂಗ್ ವಿಭಾಗದಲ್ಲಿ ಹೊಸದಾಗಿ ಸೇರಿದವರಿಗೆ ಅವರೇ ಪಾಠ ಹೇಳುತ್ತಿದ್ದ ವಿಷಯ ಇದು.

"ಊಟ ಮಾಡಿ" ಎಂದಳು ಬಾಗಿ. ಅವರಿಗೆ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಮೀಟರು, ಐರನ್ನು, ಪಿಚ್ ಪೈಪನ್ನು ಚೀಲಕ್ಕೆ ತುಂಬಿ ಹೊರಟರು. ಠಾಣೆಯಲ್ಲಿ ಇಳಿದು ನೆರೂಳಿನ ಟ್ರೇನು ಹಿಡಿದರು. ರಬಾಳೆ ದಾಟಿದ ಮೇಲೆ ಮಹಾಪೆಯ ಕಡೆಯ ಗಾಜಿನ ಕಟ್ಟಡಗಳು ಕಿಟಕಿಯಲ್ಲಿ ಹಾದುಹೋದವು. ಅವರ ಫ್ಯಾಕ್ಟರಿಯಿದ್ದ ಜಾಗದಲ್ಲಿ ಈಗ ಯಾವುದೋ ಕಂಪನಿಯ ಪಾರ್ಕಿಂಗು. ಬೇರೆ ದಿನವಾಗಿದ್ದರೆ ಪಕ್ಕದವನಿಗೆ ಅದನ್ನು ತೋರಿಸದೆ ಬಿಡುವವರಲ್ಲ. ಈ ದಿನ ಕಣ್ಣು ಹೊರಗಿದ್ದರೂ ಮನಸ್ಸು ಲೆಕ್ಕ ಹಾಕುತ್ತಿತ್ತು.

ನಿಜ ಹೇಳುವುದಾದರೆ ಎರಡು ನಿಜ ಹೇಳಬೇಕು. ಒಂದು, ದೇವದಾಸನ ಪೆಟ್ಟಿಗೆ ಎಷ್ಟೋ ವರ್ಷಗಳಿಂದ ಸುಳ್ಳು ಶ್ರುತಿ ಕೊಡುತ್ತಿತ್ತು ಎಂಬುದು. ಅದನ್ನು ಹೇಗಾದರೂ ನುಂಗಬಹುದು. ಇನ್ನೊಂದು, ವಾರಿಜಕ್ಕ, ನಿಮ್ಮ ಗಂಟಲು ಐದೂವರೆಯಿಂದ ಇಳಿದು ಕಾಲವಾಯಿತು ಎಂಬುದು. ಇಳಿದವರನ್ನು ಕಂಡು ಮೂಗು ಮುರಿದ ಹೆಂಗಸಿಗೆ ಅದನ್ನು ಹೇಳುವುದು ಹೇಗೆ? ಈಗಲೇ ಅರ್ಧ ಮುರಿದು ಕೂತಿದ್ದಾರೆ. ಟ್ರೇನು ಕೋಪರ್‌ಖೈರಣೆ ದಾಟುವ ಹೊತ್ತಿಗೆ ದೇವದಾಸರು ನಿಶ್ಚಯ ಮಾಡಿಬಿಟ್ಟರು, ಸುಳ್ಳು ಹೇಳುವುದೆಂದು. ಶ್ರುತಿ ಸದ್ದಿಲ್ಲದೆ ಇಳಿಸುವುದು, ವಯರು ಲೂಸಿತ್ತು ಎನ್ನುವುದು. ಹಾಡು ವಾಪಸು ಬಂದರೆ ಸಾಕು, ಮೇಲಿನವನು ಕೇಳಿದರೆ ಅವನಿಗೆ ಬೇರೆ ಉತ್ತರ ಕೊಟ್ಟರಾಯಿತು.

ಬಾಗಿಲು ತೆಗೆದದ್ದು ವಾರಿಜಕ್ಕನೇ. ಎಪ್ಪತ್ತನಾಲ್ಕರ ಪ್ರಾಯದಲ್ಲೂ ಬೆನ್ನು ನೇರವಿಟ್ಟು ನಡೆಯುತ್ತಿದ್ದ ಹೆಂಗಸು, ಹನ್ನೆರಡೇ ದಿನದಲ್ಲಿ ಕುಗ್ಗಿದಂತೆ ಕಂಡರು. ನೆರಿಗೆ ಅಚ್ಚುಕಟ್ಟಾಗಿತ್ತು, ಕುಂಕುಮವಿಲ್ಲದ ಹಣೆಯಲ್ಲಿ ಗಂಧವಿತ್ತು, ಆದರೆ ಮಾತಿಗೆ ಮೊದಲು ಬರುವ ನಗು ಬರಲಿಲ್ಲ.

"ಬನ್ನಿ ದೇವದಾಸರೆ. ಸಂಜನಾ ಫೋನ್ ಮಾಡಿರಬೇಕು. ನಿಮಗೆ ಸುಮ್ಮನೆ ತೊಂದರೆ. ಪೆಟ್ಟಿಗೆ ಸರಿ ಉಂಟು, ಹಾಳಾದದ್ದು ನಾನು."

"ನೋಡುವ ಅಕ್ಕ. ನೋಡದೆ ಎಂತ ಹೇಳುವುದು."

ಸಂಜನಾ ಒಳಗಿನಿಂದ ಕಾಫಿ ತಂದಳು. ಪೊಟ್ಟಣ ಎಲ್ಲಿದೆ ಎಂದು ದೇವದಾಸರು ಮೆಲ್ಲಗೆ ಕೇಳಿದರು. ದೇವರ ಕೋಣೆಯಲ್ಲಿ, ಶ್ರುತಿ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ವಾರಿಜಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ಅವರು ಮೇಣದ ಕಂಡೆನ್ಸರನ್ನು ಹೆಕ್ಕಿ ಮೀಟರಿಗೆ ಹಚ್ಚಿದರು. ಮೈಮೇಲೆ ಬರೆದದ್ದು ಪಾಯಿಂಟ್ ಒನ್, ಮೀಟರು ತೋರಿಸಿದ್ದು ಪಾಯಿಂಟ್ ಒನ್ ಟೂ. ಅಳತೆ ಅಷ್ಟು ಏರಿದರೆ ಶ್ರುತಿ ಐದೂವರೆಯಿಂದ ಮೂರು ಮೆಟ್ಟಿಲು ಕೆಳಗೆ. ಐದು, ನಾಲ್ಕೂವರೆ, ನಾಲ್ಕು. ನಾಲ್ಕು ಮನೆಗೂ ಕೂದಲೆಳೆಯಷ್ಟು ಕೆಳಗೆ. ಬಾಗಿ ಮೀನಿನ ಮುಳ್ಳು ಬಿಡಿಸುತ್ತಲೇ ಕಂಡುಕೊಂಡ ಸತ್ಯಕ್ಕೆ ಅವರಿಗೆ ಮೀಟರು ಬೇಕಾಯಿತು.

ಮುಚ್ಚಳ ತೆಗೆದು, ತಾವೇ ಒತ್ತಿದ ಅರಗಿನ ಮುದ್ರೆಯನ್ನು ಚಾಕುವಿನ ತುದಿಯಿಂದ ಮುರಿದರು. ತಿರುಪನ್ನು ಕೂದಲಷ್ಟು ಕೂದಲಷ್ಟೇ ತಿರುಗಿಸುತ್ತ, ಪೈಪನ್ನು ಮೆಲ್ಲಗೆ ಊದುತ್ತ ನಾಲ್ಕಕ್ಕೆ ತಂದರು.

"ಇಲ್ಲೊಂದು ವಯರ್ ಲೂಸಿತ್ತು ಅಕ್ಕ" ಎಂದರು ತಲೆ ಎತ್ತದೆ. "ಸೋಲ್ಡರ್ ಸರಿ ಕೂತಿರಲಿಲ್ಲ. ಅದಕ್ಕೇ ಶ್ರುತಿ ಮೇಲೆ ಹೋಗಿದೆ. ನನ್ನದೇ ತಪ್ಪು. ಈಗ ಐದೂವರೆಗೆ ಕೂತಿದೆ, ಒಮ್ಮೆ ಹೇಳಿ ನೋಡಿ."

"ನನಗೆ ಇನ್ನು ಬೇಡ ದೇವದಾಸರೆ."

"ನನಗೋಸ್ಕರ ಒಂದು ಸಾಲು. ಟೆಸ್ಟಿಂಗ್ ಆಗದೆ ಮಾಲು ಹೊರಗೆ ಕಳಿಸಿ ನನಗೆ ಅಭ್ಯಾಸ ಇಲ್ಲ."

ವಾರಿಜಕ್ಕ ಪೆಟ್ಟಿಗೆಗೆ ಮುಚ್ಚಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಮಣೆಯ ಮೇಲೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟು, ಬೆಳಗಿನ ಹಾಡನ್ನು ಎತ್ತಿಕೊಂಡರು. ಕೃಷ್ಣನನ್ನು ಏಳಿಸುವ ಹಾಡು ಅದು, ಅವರ ತಾಯಿ ಮೊಸರು ಕಡೆಯುತ್ತ ಹೇಳುತ್ತಿದ್ದದ್ದಂತೆ. ಮೊದಲ ಸಾಲು ಹೆದರಿ ಹೆದರಿ ಹೊರಟಿತು. ಎರಡನೆಯದು ಕಾಲು ಊರಿತು. ಮೇಲಿನ ಸ್ವರ ಬರುವಾಗ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು, ಬೀಳುವುದಕ್ಕೆ ತಯಾರಾದವರಂತೆ. ಬೀಳಲಿಲ್ಲ. ಸ್ವರ ಹೋಗಿ ಮುಟ್ಟಿತು, ಅಲ್ಲಿ ನಿಂತಿತು, ನಿಧಾನವಾಗಿ ಇಳಿದು ಬಂತು.

ದೇವದಾಸರು ಕೈಯಲ್ಲಿದ್ದ ಪೈಪನ್ನು ಕೆಳಗಿಡುವುದನ್ನೂ ಮರೆತು ಕೇಳುತ್ತ ಕೂತರು. ಮೂವತ್ತೈದು ವರ್ಷದ ಹಿಂದೆ ಈ ಪೆಟ್ಟಿಗೆಯನ್ನು ಕೊಟ್ಟ ದಿನವೂ ಹೀಗೆಯೇ ಆಗಿತ್ತು. ಅವರಿಗೆ ಒಂದು ಸಾಲು ಹಾಡಲು ಬಾರದು, ಆರತಿಯ ಹೊತ್ತಿಗೆ ಬಾಗಿ ಅವರ ಮೊಣಕೈ ತಿವಿದು ಸುಮ್ಮನಿರಿಸುತ್ತಾಳೆ. ತಾನು ಬೆಸುಗೆ ಹಾಕಿದ ತಂತಿಯಿಂದ ಇಂಥದ್ದೊಂದು ಹುಟ್ಟುತ್ತದಲ್ಲ ಎಂಬ ಸುಖ ಅವರಿಗೆ ಸಂಬಳದಲ್ಲೂ ಸಿಕ್ಕಿರಲಿಲ್ಲ, ಅಂಗಡಿಯಲ್ಲೂ ಸಿಕ್ಕಿರಲಿಲ್ಲ.

ಹಾಡು ಅರ್ಧಕ್ಕೆ ನಿಂತಿತು. ವಾರಿಜಕ್ಕ ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದರು.

"ದೇವದಾಸರೆ, ನೀವು ಈಗ ಎಂತ ಹೇಳಿದ್ರಿ? ನಿಮ್ಮದೇ ತಪ್ಪು ಅಂತ ಅಲ್ವಾ?"

"ಹೌದಕ್ಕ."

"ನಾನು ನಿಮ್ಮನ್ನು ಇಷ್ಟು ವರ್ಷದಿಂದ ಬಲ್ಲೆ. ನಿಮ್ಮ ಪೆಟ್ಟಿಗೆಯಲ್ಲಿ ನಿಮ್ಮ ತಪ್ಪು ಉಂಟು ಅಂತ ನಿಮ್ಮ ಬಾಯಿಂದ ಬಂದದ್ದು ಇದು ಮೊದಲು." ಸ್ವರ ಮೆತ್ತಗಿತ್ತು. "ಹಾಗಾದ್ರೆ ಅದು ಸುಳ್ಳೇ. ನಿಜ ಎಂತದ್ದು ಹೇಳಿ."

ಸುಳ್ಳು ಹೇಳಲೂ ಅಭ್ಯಾಸ ಬೇಕು, ದೇವದಾಸರಿಗೆ ಅದಿರಲಿಲ್ಲ. ಕಂಡೆನ್ಸರನ್ನು ಅಂಗೈಯಲ್ಲಿಟ್ಟು ತೋರಿಸಿದರು. ಮೇಣ ಬಿರುಕು ಬಿಟ್ಟದ್ದು, ಕಾಗದ ತೇವ ಕುಡಿದದ್ದು, ವರ್ಷಕ್ಕೆ ಕೂದಲೆಳೆಯಷ್ಟು ಶ್ರುತಿ ಇಳಿದದ್ದು, ಎಲ್ಲ ಹೇಳಿದರು. ಹೊಸತು ಹಾಕಿದ ಕೂಡಲೇ ಪೆಟ್ಟಿಗೆ ಒಂದೇ ಸಲಕ್ಕೆ ತನ್ನ ಹಳೆಯ ಎತ್ತರಕ್ಕೆ ಹಾರಿಬಿಟ್ಟದ್ದನ್ನೂ ಹೇಳಿದರು.

"ಈಗ ಎಷ್ಟರಲ್ಲಿ ಹಾಡಿದೆ ನಾನು?"

"ನಾಲ್ಕು ಮನೆ."

"ಎಷ್ಟು ವರ್ಷದಿಂದ?"

"ಹೇಳ್ಲಿಕ್ಕಾಗುವುದಿಲ್ಲ ಅಕ್ಕ. ನಾಲ್ಕಕ್ಕೆ ಬಂದು ಕೆಲವು ವರ್ಷ ಆಗಿರಬಹುದು. ಇಳಿಯಲಿಕ್ಕೆ ಶುರುವಾಗಿ ಇಪ್ಪತ್ತೈದಾದರೂ ಆಗಿರಬೇಕು."

"ನನಗೆ ಕಿವಿ ಇಲ್ವಾ ಹಾಗಾದ್ರೆ? ಗೊತ್ತಾಗ್ಲೇ ಇಲ್ಲ ಅಲ್ಲ."

"ದಿನಾ ಕೇಳುವ ಕಿವಿಗೆ ಗೊತ್ತಾಗುವುದಿಲ್ಲ. ಮನೆಯ ಮಗು ಉದ್ದ ಆದದ್ದು ಮನೆಯವರಿಗೆ ಕಾಣ್ತದಾ?"

ಕೋಣೆಯಲ್ಲಿ ಪೆಟ್ಟಿಗೆಯ ಸ್ವರ ಒಂದೇ ಸಮನೆ ಹರಿಯುತ್ತಿತ್ತು. ಅದನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ. ಸಂಜನಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ದೇವದಾಸರಿಗೆ ವಾರಿಜಕ್ಕನ ಮುಖ ನೋಡಲು ಧೈರ್ಯ ಸಾಲಲಿಲ್ಲ. ಆಡಬಾರದ ಮಾತು ಆಡಿಯಾಗಿದೆ, ಇನ್ನು ಈ ಮನೆಯಲ್ಲಿ ಹಾಡು ಏಳುವುದಿಲ್ಲ, ಅದಕ್ಕೆ ಕಾರಣ ತಾನೇ ಎಂದು ಅವರು ಐರನ್ನಿನ ವಯರು ಸುತ್ತತೊಡಗಿದರು.

"ನಮ್ಮವರೊಟ್ಟಿಗೆ ನಾನು ಐವತ್ತು ವರ್ಷ ನಡೆದಿದ್ದೇನೆ" ಎಂದರು ವಾರಿಜಕ್ಕ. "ದೇವಸ್ಥಾನಕ್ಕೆ, ಸ್ಟೇಷನ್ನಿಗೆ, ಮದುವೆಮನೆಗೆ. ಯಾವತ್ತೂ ಅವರು ಹತ್ತು ಹೆಜ್ಜೆ ಮುಂದೆ. ಒಳ್ಳೆಯವರೇ, ಆದ್ರೆ ಹಿಂದೆ ತಿರುಗಿ ನೋಡುವ ಕ್ರಮ ಇರಲಿಲ್ಲ. ನನ್ನ ಮೊಣಕಾಲು ನೋವು ಶುರುವಾದ ಮೇಲೂ ಹಾಗೇ." ಕೈ ಚಾಚಿ ಪೆಟ್ಟಿಗೆಯ ಮೈ ಮುಟ್ಟಿದರು. "ಇದು ನೋಡಿ. ನಾನು ಇಳಿದಷ್ಟೇ ತಾನೂ ಇಳಿದಿದೆ. ಹೇಳದೆ, ಕೇಳದೆ. ನನಗೆ ಒಂದು ದಿನ ಬೇಜಾರಾಗಬಾರದು ಅಂತ."

"ಅದು ಹಾಳಾದದ್ದು ಅಕ್ಕ. ಬೇಕು ಅಂತ ಮಾಡಿದ್ದಲ್ಲ."

"ನಿಮ್ಮ ಲೆಕ್ಕದಲ್ಲಿ ಹಾಳಾದದ್ದು" ಎಂದರು ವಾರಿಜಕ್ಕ. ಅವರ ಕಣ್ಣು ತುಂಬಿತ್ತು, ಆದರೆ ಅದರ ಹಿಂದೆಯೇ ಹಳೆಯ ನಗು ದಾರಿ ಹುಡುಕುತ್ತಿತ್ತು. "ಎಷ್ಟು ಜನರನ್ನು ಆಡಿಕೊಂಡಿದ್ದೇನೆ ನಾನು, ಶ್ರುತಿ ಇಳಿಸಿದ್ರು ಅಂತ. ಅವರೆಲ್ಲರಿಗಿಂತ ಕೆಳಗೆ ಕೂತುಕೊಂಡು. ಅಳಿಸಿ ದೇವದಾಸರೆ, ಅಲ್ಲಿ ಬರೆದದ್ದನ್ನು. ನಾಲ್ಕು ಅಂತ ಬರೀರಿ."

ದೇವದಾಸರು ಪೆನ್ಸಿಲು ಹುಡುಕುವಾಗ ಬಾಗಿಲಿನಿಂದ ಸಂಜನಾ ಕೇಳಿದಳು, "ಅತ್ತೆ, ನಾನು ಮದುವೆಯಾಗಿ ಬಂದಾಗ ನೀವು ನನ್ನನ್ನು ಒಂದು ಮಾತು ಕೇಳಿದ್ರಿ. ನೆನಪುಂಟಾ?"

"ಎಂತ ಕೇಳಿದೆ?"

"ಐದೂವರೆ ಆಗ್ತದಾ ಅಂತ. ನನಗೆ ಅದು ಎಂತ ಅಂತಲೇ ಗೊತ್ತಿರಲಿಲ್ಲ. ಮುಲುಂಡಿಗೆ ಮಮ್ಮಿಗೆ ಫೋನ್ ಮಾಡಿ ಕೇಳಿದೆ. ಮಮ್ಮಿ ಹೇಳಿದ್ರು, ಬಾಪ್ ರೇ, ಅದು ಬಹಳ ಮೇಲೆ, ಆಗುವುದಿಲ್ಲ ಅಂತ ಹೇಳಿಬಿಡು ಅಂತ. ಹೇಳಿಬಿಟ್ಟೆ." ಅವಳು ಒದ್ದೆ ಕೈಯನ್ನು ದುಪಟ್ಟಾದಲ್ಲಿ ಒರೆಸಿಕೊಂಡಳು. "ಹದಿನೆಂಟು ವರ್ಷದಿಂದ ಬೆಳಿಗ್ಗೆ ಚಪಾತಿ ಲಟ್ಟಿಸ್ತಾ ಇದನ್ನು ಕೇಳ್ತಾ ಇದ್ದೇನೆ. ಪೂರಾ ಬಾಯಿಪಾಠ ಉಂಟು ನನಗೆ. ಕುಕ್ಕರ್ ಕೂಗುವಾಗ ನಾನೂ ಹಾಡ್ತೇನೆ, ಯಾರಿಗೂ ಕೇಳುವುದಿಲ್ಲ ಅಂತ. ನನಗೆ ಸರಿಯಾಗಿ ಬರ್ತದೆ.  ಆದ್ರೆ ನನಗೆ ಹೇಗೆ ಬರ್ಲಿಕ್ಕೆ ಸಾಧ್ಯ, ಇದು ಐದೂವರೆ ಅಲ್ವಾ, ನಾನು ತಪ್ಪು ಹಾಡ್ತಾ ಇರಬೇಕು ಅಂತ ಅಂದ್ಕೊಂಡಿದ್ದೆ."

ವಾರಿಜಕ್ಕ ಸೊಸೆಯನ್ನು ಹೊಸದಾಗಿ ನೋಡುವವರಂತೆ ನೋಡಿದರು. ಹದಿನೆಂಟು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಶ್ರುತಿಯಲ್ಲಿ ಇಬ್ಬರು ಹಾಡಿದ್ದರು. ಒಬ್ಬಳು ದೇವರ ಮುಂದೆ, ಇನ್ನೊಬ್ಬಳು ಕುಕ್ಕರಿನ ಹಿಂದೆ. ನಡುವೆ ಇದ್ದದ್ದು ಮುಚ್ಚಳದ ಒಳಗೆ ಬರೆದ ಒಂದು ಅಂಕಿ.

ವಾರಿಜಕ್ಕ ಮಣೆಯ ಮೇಲೆ ಸರಿಯಾಗಿ ಕೂತು ಹಾಡಿನ ಮೊದಲ ಸಾಲನ್ನು ಪುನಃ ಎತ್ತಿಕೊಂಡರು, ಮುಗಿಸಿ ನಿಲ್ಲಿಸಿದರು. ಭಜನೆಯಲ್ಲಿ ಹೇಳಿಕೊಡುವವರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನು ತಿರುಗಿ ಹೇಳಬೇಕು. ಹೇಳುವ ತನಕ ಮುಂದಿನ ಸಾಲು ಇಲ್ಲ. ವಾರಿಜಕ್ಕ ಕಾದರು. ಸಂಜನಾ ದೇವದಾಸರ ಕಡೆ ನೋಡಿದಳು. ದೇವದಾಸರು ಕೈಮುಗಿದು ತಲೆಯಾಡಿಸಿದರು, ತನ್ನಿಂದ ಆಗದು ಎಂದು.

ಸಂಜನಾ ಹಾಡಿದಳು. ಸ್ವರ ಹೊರಗೆ ಬರುವಾಗ ನಡುಗುತ್ತಿತ್ತು, ಒಂದು ಕಡೆ ಉಸಿರು ಕಡಿದು ಹೋಯಿತು, ಆದರೂ ಬಿಡದೆ ಸಾಲು ಮುಗಿಸಿದಳು. ವಾರಿಜಕ್ಕ ಎರಡನೆಯ ಸಾಲು ಹೇಳಿದರು, ಅವಳು ತಿರುಗಿ ಹೇಳಿದಳು. ಹೀಗೆ ಸಾಲಿಗೆ ಸಾಲು ಸೇರುತ್ತ ಹಾಡು ಕೊನೆಯ ತನಕ ಹೋಯಿತು. ದೇವದಾಸರಿಗೆ ಅಳು ಬಂದಿತ್ತು, ಒರೆಸಿಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ.

ಹಾಡು ಮುಗಿದ ಮೇಲೆ ವಾರಿಜಕ್ಕ ಚಂದವಾಯಿತು ಎನ್ನಲಿಲ್ಲ. ಹಾಗೆ ಹೇಳುವ ಕ್ರಮ ಅವರದಲ್ಲ.

"ನಡುವಿನ ಸಾಲಲ್ಲಿ ಉಸಿರು ಎಲ್ಲಿ ತಗೊಳ್ಳುವುದು ಅಂತ ತೋರಿಸಿ ಕೊಡ್ತೇನೆ. ನಾಳೆ ಆರು ಗಂಟೆಗೆ ಇಲ್ಲಿ ಬಂದು ಕೂತುಕೋ."

"ಆರಕ್ಕೆ ಹೇಗೆ ಅತ್ತೆ? ಇವರ ತಿಂಡಿ ಆಗ್ಬೇಕಲ್ಲ."

"ಹೃಷೀಕೇಶ ಹೋಟೆಲಲ್ಲಿ ತಿನ್ನಲಿ" ಎಂದರು ವಾರಿಜಕ್ಕ. "ಊರಿಗೆಲ್ಲ ಇಡ್ಲಿ ಕೊಡ್ತಾನೆ, ಅವನಿಗೆ ಎರಡು ಸಿಗುವುದಿಲ್ವಾ?"